ದಂಡೆಯ ಮರಳಲ್ಲಿ ಬಿಳಿ ದಾನಾ: ಅದು ಹೊತ್ತು ತರುವುದೇನು?

ಕಡಲ ದಂಡೆಯ ಪ್ಲಾಸ್ಟಿಕ್ ಚೂರುಗಳು ಮತ್ತು ಅವಕ್ಕೆ ಅಂಟಿ ಬರುವ ರಾಸಾಯನಿಕಗಳ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಸಾಗರ ರಸಾಯನ ವಿಜ್ಞಾನದ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ನಾನು ಪುತ್ತೂರಿನವಳು, ಬ್ಯಾಂಕ್ ಕೆಲಸದ ಮೇಲೆ ಕೊಲ್ಲಂನಲ್ಲಿದ್ದೇನೆ. 2025ರ ಮೇ ಕೊನೆಯಲ್ಲಿ ಕೊಚ್ಚಿಯ ಹತ್ತಿರ ಹಡಗು ಮುಳುಗಿದ ಮೇಲೆ ಇಲ್ಲಿನ ದಂಡೆಗೆ ರಾಶಿ ರಾಶಿ ಬಿಳಿ ಹರಳುಗಳು ಬಂದು ಬಿದ್ದವು. ಮರಳು ಕೆದಕಿದರೆ ಈಗಲೂ ಸಿಗುತ್ತವೆ. ವಿಷ ಎಂದು ಕೆಲವರು, ಬರೀ ಪ್ಲಾಸ್ಟಿಕ್, ಏನೂ ಆಗದು ಎಂದು ಇನ್ನು ಕೆಲವರು. ಯಾರ ಮಾತು ನಂಬಬೇಕು?
ಓದುಗರು, ಕೊಲ್ಲಂ

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಬಕೆಟ್ಟು, ಪೈಪು, ಕೈಚೀಲ, ಎಣ್ಣೆ ಕ್ಯಾನು ಏನೇ ಇರಲಿ, ಅಚ್ಚಿಗೆ ಹೋಗುವ ಮೊದಲು ಅದು ಈ ಹರಳಿನ ರೂಪದಲ್ಲೇ ಇರುತ್ತದೆ. ಕಾರ್ಖಾನೆಗಳಲ್ಲಿ ಇದನ್ನು ದಾನಾ ಎನ್ನುತ್ತಾರೆ. 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ಕನ್ನೆಲ್ಲ ಮೈಕ್ರೋಪ್ಲಾಸ್ಟಿಕ್ ಎಂದು ಎಣಿಸುವುದರಿಂದ, ದಾನಾ ಒಡೆದು ಚೂರಾಗುವವರೆಗೆ ಕಾಯಬೇಕಾಗಿಲ್ಲ, ಹುಟ್ಟಿದ ದಿನವೇ ಅದು ಮೈಕ್ರೋಪ್ಲಾಸ್ಟಿಕ್.

ನೀವು ಹೇಳುವ ಹಡಗು ಎಂಎಸ್‌ಸಿ ಎಲ್ಸಾ 3. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಅದು 2025ರ ಮೇ 25ರಂದು ಮುಳುಗಿತು. ಅದರ ಮೇಲೆ 640 ಕಂಟೇನರ್‌ಗಳಿದ್ದವು. ಕೆಲವದರಲ್ಲಿ ನೀರು ತಗುಲಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಅಧಿಕಾರಿಗಳ ಗಮನವೆಲ್ಲ ಮೊದಲು ಅದರ ಕಡೆಗೆ ಮತ್ತು ಹಡಗಿನ ಇಂಧನದ ಕಡೆಗೆ ಹೋಯಿತು. ಹೋಗಬೇಕಾದದ್ದೇ. ಆದರೆ ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಇಲ್ಲದ ದಾನಾ ಚೀಲಗಳು ಒಡೆದು ತಿರುವನಂತಪುರ, ಕೊಲ್ಲಂ ದಂಡೆಗಳನ್ನು ತುಂಬಿದವು, ತಮಿಳುನಾಡಿನ ಕನ್ಯಾಕುಮಾರಿಯವರೆಗೂ ಹೋದವು.

ಹೊಸ ದಾನಾದಲ್ಲಿ ವಿಷ ಕಡಿಮೆ. ಕೈಯಲ್ಲಿ ಮುಟ್ಟಿದರೆ, ಬರಿಗಾಲಲ್ಲಿ ತುಳಿದರೆ ನಿಮಗೇನೂ ಆಗದು. ಮೀನು, ಹಕ್ಕಿ, ಆಮೆಗಳು ಅದನ್ನು ಆಹಾರವೆಂದು ನುಂಗುವುದು ಈಗಿನ ತೊಂದರೆ. ಮುಂದಿನ ತೊಂದರೆ ಬೇರೆ ಬಗೆಯದು. ಅದು ಮರಳಿನಲ್ಲೂ ನೀರಿನಲ್ಲೂ ವರ್ಷಗಟ್ಟಲೆ ಉಳಿದು ಸುತ್ತಲಿನ ಎಣ್ಣೆ, ಕೀಟನಾಶಕ, ಕಾರ್ಖಾನೆಯ ರಾಸಾಯನಿಕಗಳನ್ನು ಮೈಗೆ ಹತ್ತಿಸಿಕೊಳ್ಳುತ್ತದೆ. ಮೇಲಿಂದ ಗುಡಿಸಿದರೆ ಮುಗಿಯಿತು ಎಂದುಕೊಳ್ಳುವ ಹಾಗೂ ಇಲ್ಲ. ಬ್ರೆಜಿಲ್‌ನ ಸ್ಯಾಂಟೋಸ್ ಬಂದರಿನ ಸುತ್ತಲಿನ ದಂಡೆಗಳಲ್ಲಿ ಸಂಶೋಧಕರು ಮರಳು ಅಗೆದಾಗ 2 ಮೀಟರ್ ಆಳದಲ್ಲೂ ದಾನಾ ಸಿಕ್ಕಿತ್ತು.

ಸುಟ್ಟ ದಾನಾ ಮಾತ್ರ ಮೊದಲ ದಿನದಿಂದಲೇ ಅಪಾಯಕಾರಿ. 2021ರಲ್ಲಿ ಕೊಲಂಬೊ ಹೊರಗೆ ಎಕ್ಸ್‌ಪ್ರೆಸ್ ಪರ್ಲ್ ಹಡಗಿಗೆ ಮೇ 20ರಂದು ಬೆಂಕಿ ಬಿತ್ತು, ಜೂನ್ 2ರಂದು ಅದು ಮುಳುಗಿತು. ಅದರಲ್ಲಿದ್ದದ್ದು ಸುಮಾರು 1,680 ಟನ್ ದಾನಾ. ಇಷ್ಟು ದೊಡ್ಡ ದಾನಾ ಸೋರಿಕೆ ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ನೆಗೊಂಬೊ ಕಡೆಯ ದಂಡೆಗಳಲ್ಲಿ ಬಿಳಿ ಹರಳಿನ ಜೊತೆ ಕರಗಿ ಗಂಟಾದ, ಕಪ್ಪಾದ, ಹುಡಿಯಾಗುವ ಚೂರುಗಳೂ ಬಂದವು. ಆ ಸುಟ್ಟ ಚೂರುಗಳಲ್ಲಿ ಸುಡದ ಹರಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಬಗೆಯ ರಾಸಾಯನಿಕಗಳಿದ್ದವು. ಅರೆಬೆಂದ ಇಂಧನದಿಂದ ಹುಟ್ಟುವ, ಕ್ಯಾನ್ಸರಿಗೆ ಕಾರಣವಾಗಬಲ್ಲ ಪಿಎಎಚ್ ಗುಂಪಿನವೂ ಅವುಗಳಲ್ಲಿ ಸೇರಿದ್ದವು. ಬಿಳಿ ಹರಳನ್ನು ಜರಡಿಯಲ್ಲಾದರೂ ಹಿಡಿಯಬಹುದು. ಸುಟ್ಟದ್ದು ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಮರಳಿನ ಬಣ್ಣಕ್ಕೇ ಸೇರಿಹೋಗುತ್ತದೆ. ಹಾಗಾಗಿ ನಿಮ್ಮ ಊರಲ್ಲಿ ಯಾರಾದರೂ ಗುಡಿಸಿದ ದಾನಾವನ್ನು ದಂಡೆಯಲ್ಲೇ ಸುಡಲು ಹೊರಟರೆ ದಯವಿಟ್ಟು ತಡೆಯಿರಿ.

ಕೊಚ್ಚಿಯಲ್ಲಿ ಚೆಲ್ಲಿದ್ದು ನಮ್ಮ ಕಡೆಗೆ ಬರುತ್ತದೆಯೇ? ನಮ್ಮಲ್ಲಿ ಕೈರಂಪಣಿ ಎಳೆಯುವವರಿಗೆ ಇದರ ಚಿಂತೆ ಇದೆ.
ಓದುಗರು, ಮಲ್ಪೆ

ಮಳೆಗಾಲದಲ್ಲಿ ನಮ್ಮ ಪಡುವಣ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಜೂನ್ ಹೊತ್ತಿಗೆ ಕೊಚ್ಚಿಯ ದಾನಾ ಕನ್ಯಾಕುಮಾರಿ ಕಡೆಗೆ ಹೋದದ್ದು ಇದೇ ಕಾರಣಕ್ಕೆ. ಸುಮಾರು ನವೆಂಬರಿನಿಂದ ಫೆಬ್ರವರಿವರೆಗೆ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತದೆ. ದಾನಾಕ್ಕೆ ಹೆಚ್ಚಾಗಿ ಬಳಸುವ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎರಡೂ ನೀರಿಗಿಂತ ಹಗುರ. ಹಾಗಾಗಿ ತೇಲುತ್ತಲೇ ಉಳಿದದ್ದು, ದಂಡೆಗೆ ಬಿದ್ದು ಮತ್ತೆ ಅಲೆಗೆ ಸಿಕ್ಕಿದ್ದು ಚಳಿಗಾಲದಲ್ಲಿ ನಿಮ್ಮ ಕಡೆ ಬರಲು ದಾರಿ ಇದೆ.

ಹಡಗು ಮುಳುಗದಿದ್ದರೂ ನಮ್ಮ ದಂಡೆ ದಾನಾದಿಂದ ಪೂರ್ತಿ ಮುಕ್ತವೇನಲ್ಲ. ಗೋವಾದ ದಂಡೆಗಳ ಕುರಿತು 2016ರಲ್ಲಿ ಬಂದ ಅಧ್ಯಯನದಲ್ಲಿ ಯಾವ ದೊಡ್ಡ ಅಪಘಾತವೂ ಇಲ್ಲದೆ, ಮುಖ್ಯವಾಗಿ ಮಳೆಗಾಲದಲ್ಲಿ ಹೊರಗಡಲಿನಿಂದ ದಾನಾ ಬಂದು ಬೀಳುವುದು ಕಂಡುಬಂದಿತ್ತು. ಅದಕ್ಕೂ ಮೊದಲೇ, 2006ರಲ್ಲಿ, ಗುಜರಾತಿನ ಅಲಂಗ್ ಹಡಗು ಒಡೆಯುವ ದಂಡೆಯ ಕೆಸರಿನಲ್ಲಿ ಕಿಲೋಗೆ ಸರಾಸರಿ 81 ಮಿಲಿಗ್ರಾಂ ಪ್ಲಾಸ್ಟಿಕ್ ಚೂರು ಸಿಕ್ಕಿತ್ತು. ಗೋವಾಕ್ಕೂ ನಮಗೂ ನಡುವೆ ಕಡಲಿನಲ್ಲಿ ಗಡಿಯಿಲ್ಲ.

ಬಲೆಯಲ್ಲಿ ದಾನಾ ಸಿಕ್ಕರೆ ವಾಪಸ್ ಕಡಲಿಗೆ ಚೆಲ್ಲಬೇಡಿ. ದೋಣಿಯಲ್ಲಿ ಒಂದು ಚೀಲ ಇಟ್ಟುಕೊಂಡು ತುಂಬಿಸಿ ತನ್ನಿ. ಇದ್ದಕ್ಕಿದ್ದಂತೆ ಹೆಚ್ಚು ಸಿಗಲು ಶುರುವಾದರೆ ದಿನಾಂಕ, ಜಾಗ ಬರೆದಿಟ್ಟು ಮೀನುಗಾರಿಕೆ ಇಲಾಖೆಗೂ ಕರಾವಳಿ ಪೊಲೀಸರಿಗೂ ತಿಳಿಸಿ. ಆಮೇಲೆ ಪರಿಹಾರದ ಲೆಕ್ಕ ಬಂದಾಗ ಆ ಬರಹಕ್ಕೆ ಬೆಲೆ ಇರುತ್ತದೆ.

ಸರ್, ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಪ್ಲಾಸ್ಟಿಕ್ ಯಾವುದರ ಜೊತೆಗೂ ಪ್ರತಿಕ್ರಿಯಿಸದ ಜಡ ವಸ್ತು ಎಂದು ಓದಿದ್ದೇವೆ. ಹಾಗಿದ್ದರೆ ಅದು ಸಮುದ್ರದಲ್ಲಿ ವಿಷವನ್ನು ಹೀರುವುದು ಹೇಗೆ?
ವಿದ್ಯಾರ್ಥಿನಿ, ಕಾರವಾರ

ನೀವು ಓದಿದ್ದು ತಪ್ಪಲ್ಲ. ಇಲ್ಲಿ ಪ್ರತಿಕ್ರಿಯೆ ನಡೆಯುವುದೇ ಇಲ್ಲ, ಕರಗುವಿಕೆ ನಡೆಯುತ್ತದೆ. ಸಾಂಬಾರು ತುಂಬಿಸಿದ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆಯ ವಾಸನೆ, ಅರಿಶಿನದ ಬಣ್ಣ ಹೋಗುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹಾಗಾಗುವುದಿಲ್ಲ. ಅರಿಶಿನದ ಬಣ್ಣಕ್ಕೆ ನೀರಿಗಿಂತ ಎಣ್ಣೆ ಇಷ್ಟ, ಪಾಲಿಎಥಿಲೀನ್ ಮೂಲತಃ ಪೆಟ್ರೋಲಿಯಂನಿಂದ ಬಂದ ಎಣ್ಣೆಸ್ವಭಾವದ ವಸ್ತು. ಕಡಲಿನಲ್ಲೂ ಇದೇ ಆಗುತ್ತದೆ. ಡಿಡಿಟಿ, ಹಳೆ ಟ್ರಾನ್ಸ್‌ಫಾರ್ಮರ್‌ಗಳಲ್ಲಿದ್ದ ಪಿಸಿಬಿ, ಎಣ್ಣೆ ಮತ್ತು ಹೊಗೆಯಿಂದ ಬರುವ ಪಿಎಎಚ್, ಇವೆಲ್ಲ ನೀರನ್ನು ಒಲ್ಲದ ಅಣುಗಳು. ಉಪ್ಪುನೀರಿನಲ್ಲಿ ಅತಿ ತೆಳುವಾಗಿ ಹರಡಿಕೊಂಡಿದ್ದವು, ತೇಲುವ ಹರಳು ಎದುರಾದರೆ ಅದರೊಳಗೆ ಸೇರಿಕೊಳ್ಳುತ್ತವೆ.

ಎಷ್ಟರ ಮಟ್ಟಿಗೆ? ಟೋಕಿಯೋ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಹಿದೆಶಿಗೆ ತಕಾದಾ ಅವರ ಗುಂಪು ಜಪಾನಿನ ಕರಾವಳಿಯಲ್ಲಿ ಸಿಕ್ಕ ಪಾಲಿಪ್ರೊಪಿಲೀನ್ ದಾನಾವನ್ನು ಅಳೆದು 2001ರಲ್ಲಿ ಲೆಕ್ಕ ಪ್ರಕಟಿಸಿತು. ಸುತ್ತಲಿನ ನೀರಿಗಿಂತ ದಾನಾದಲ್ಲಿ ಪಿಸಿಬಿ ಮತ್ತು ಡಿಡಿಟಿಯ ಅವಶೇಷ 1 ಲಕ್ಷದಿಂದ 10 ಲಕ್ಷ ಪಟ್ಟು ಹೆಚ್ಚು ಸಾಂದ್ರವಾಗಿತ್ತು. ಈ ಸಂಖ್ಯೆ ನೋಡಿ ಗಾಬರಿಯಾಗುವ ಮೊದಲು ಒಂದು ಮಾತು ನೆನಪಿಡಿ. ನೀರಿನಲ್ಲಿ ಇದ್ದದ್ದೇ ಅತ್ಯಲ್ಪ, ಅದರ 10 ಲಕ್ಷ ಪಟ್ಟು ಎಂದರೂ ಒಂದು ಹರಳಿನಲ್ಲಿ ನ್ಯಾನೋಗ್ರಾಂಗಳ ಲೆಕ್ಕವೇ.

ಇದು ಹೊಸ ಸಂಗತಿಯೂ ಅಲ್ಲ. 1972ರಲ್ಲೇ ಅಮೆರಿಕದ ಎಡ್ವರ್ಡ್ ಕಾರ್ಪೆಂಟರ್ ಮತ್ತು ಸಂಗಡಿಗರು ಅಲ್ಲಿನ ಈಶಾನ್ಯ ಕರಾವಳಿಯಲ್ಲಿ ತೇಲುತ್ತಿದ್ದ ಪಾಲಿಸ್ಟೈರೀನ್ ಗೋಲಿಗಳನ್ನು ಸೋಸಿ ತೆಗೆದು, ಅವುಗಳ ಮೇಲೆ ಪಿಸಿಬಿ ಇದೆ, ಮೀನುಗಳು ಅವನ್ನು ನುಂಗುತ್ತಿವೆ ಎಂದು ಬರೆದಿದ್ದರು. ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರು ಎಲ್ಲರ ಬಾಯಿಗೆ ಬಂದದ್ದು 2004ರಲ್ಲಿ ರಿಚರ್ಡ್ ಥಾಂಪ್ಸನ್ ಅವರ ಪ್ರಬಂಧದ ನಂತರ. ನಡುವಿನ 32 ವರ್ಷ ಈ ಎಚ್ಚರಿಕೆಗೆ ಹೆಚ್ಚಿನವರು ಕಿವಿಗೊಡಲಿಲ್ಲ. ನನಗೆ ಇಂದಿಗೂ ಬೇಸರ ತರುವ ಸಂಗತಿ ಅದು.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ರೀತಿ ಹೀರುವುದಿಲ್ಲ. ಪಾಲಿಎಥಿಲೀನಿನ ಅಣುಸರಪಳಿಗಳು ಸಡಿಲ, ಒಳಗೆ ಜಾಗ ಹೆಚ್ಚು. ನೀರಿನ ಬಾಟಲಿಯ ಪೆಟ್, ಪೈಪಿನ ಪಿವಿಸಿ ಇವು ಗಾಜಿನಂತೆ ಬಿಗಿ, ಹೀರುವುದು ಕಡಿಮೆ. ಚೆಲ್ಸಿ ರೋಕ್ಮನ್ ಎಂಬ ಸಂಶೋಧಕಿ ಸ್ಯಾನ್ ಡಿಯಾಗೋ ಕೊಲ್ಲಿಯಲ್ಲಿ ಐದು ಬಗೆಯ ದಾನಾವನ್ನು ನೀರಿಗೆ ಇಳಿಬಿಟ್ಟು ಒಂದು ವರ್ಷ ಅಳೆದು ಇದನ್ನು ತೋರಿಸಿದರು. ಕಾಲವೂ ಮುಖ್ಯ. ಪಿಸಿಬಿಯಂಥ ದೊಡ್ಡ ಅಣುಗಳು ಹರಳಿನ ನಡುವಿಗೆ ಇಳಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಹಳದಿ ತಿರುಗಿದ ಹರಳುಗಳಲ್ಲಿ ಬಿಳಿಯವಕ್ಕಿಂತ ಹೆಚ್ಚು ಪಿಸಿಬಿ ಸಿಗುವುದು ಅದಕ್ಕೇ. ಬಿಸಿಲು ಉಪ್ಪಿನಲ್ಲಿ ಮೈ ಒರಟಾಗಿ, ಪಾಚಿಯ ತೆಳು ಪದರ ಕೂತ ಹಳೆ ಹರಳುಗಳು ಸೀಸ, ತಾಮ್ರ, ಸತುವನ್ನೂ ಹಿಡಿದುಕೊಳ್ಳುತ್ತವೆ.

ತಕಾದಾ ಅವರು ಈ ಗುಣವನ್ನೇ ಒಂದು ಉಪಯೋಗಕ್ಕೆ ತಿರುಗಿಸಿದರು. ಹರಳು ತೇಲಿ ಬಂದ ನೀರಿನ ಕಥೆಯನ್ನು ಅದೇ ಹೇಳುವುದಾದರೆ ಕೇಳಬಾರದೇಕೆ? 2005ರಲ್ಲಿ ಅವರು ಇಂಟರ್‌ನ್ಯಾಷನಲ್ ಪೆಲೆಟ್ ವಾಚ್ ಶುರು ಮಾಡಿ, ನಿಮ್ಮ ದಂಡೆಯ ಒಂದು ಹಿಡಿ ದಾನಾ ಅಂಚೆಯಲ್ಲಿ ಕಳುಹಿಸಿ ಎಂದು ಜಗತ್ತಿನ ಜನರನ್ನು ಕೇಳಿದರು. 2009ರ ಹೊತ್ತಿಗೆ 17 ದೇಶಗಳ 30 ದಂಡೆಗಳ ಫಲಿತಾಂಶ ಬಂತು. ಅಮೆರಿಕ, ಪಶ್ಚಿಮ ಯೂರೋಪ್, ಜಪಾನ್ ದಂಡೆಗಳಲ್ಲಿ ಪಿಸಿಬಿ ಹೆಚ್ಚು. ಅಮೆರಿಕದ ಪಶ್ಚಿಮ ಕರಾವಳಿ ಮತ್ತು ವಿಯೆಟ್ನಾಮ್‌ನಲ್ಲಿ ಡಿಡಿಟಿ ಹೆಚ್ಚು. ಲಾಸ್ ಏಂಜಲೀಸಿನಲ್ಲಿ 1947ರಿಂದ 1982ರವರೆಗೆ ಡಿಡಿಟಿ ತಯಾರಿಸಿದ ಕಾರ್ಖಾನೆಯ ಹೊಲಸು ಚರಂಡಿಯ ಮೂಲಕ ಕಡಲಿಗೆ ಸೇರಿ ತಳದಲ್ಲಿ ಕೂತಿತ್ತು. ಕಾರ್ಖಾನೆ ಮುಚ್ಚಿ ಕಾಲು ಶತಮಾನದ ನಂತರವೂ ಆ ಕರಾವಳಿಯ ದಾನಾದಲ್ಲಿ ಡಿಡಿಟಿ ಹೆಚ್ಚಾಗಿಯೇ ಉಳಿದಿತ್ತು. ಕಾರವಾರದಲ್ಲೇ ಕಾಳಿ ನದಿಯ ಅಳಿವೆ ಇದೆ. ನಿಮ್ಮ ಕಾಲೇಜಿನವರು ಮಳೆಗಾಲದ ಮೊದಲು ಮತ್ತು ನಂತರ ಅಲ್ಲಿನ ದಾನಾ ಆಯ್ದು, ಬಣ್ಣದ ಪ್ರಕಾರ ವಿಂಗಡಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟರೂ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಇಡಬೇಡಿ, ಚೀಲದ ರಾಸಾಯನಿಕವೇ ದಾನಾಕ್ಕೆ ದಾಟಿಬಿಡುತ್ತದೆ.

ನಮ್ಮ ಮನೆಯಲ್ಲಿ ದಿನವೂ ಮೀನು ಬೇಕು. ಬಂಗುಡೆ, ಬೂತಾಯಿ, ಭಾನುವಾರ ಮರುವಾಯಿ ಸುಕ್ಕ. ಮೀನಿನಲ್ಲೆಲ್ಲ ಪ್ಲಾಸ್ಟಿಕ್ ವಿಷ ಎಂಬ ವಿಡಿಯೋ ನೋಡಿ ಸೊಸೆ ಮಗುವಿಗೆ ಮೀನು ಕೊಡುವುದನ್ನೇ ನಿಲ್ಲಿಸಿದ್ದಾಳೆ. ಅವಳಿಗೆ ಏನು ಹೇಳಲಿ?
ಗೃಹಿಣಿ, ಉಳ್ಳಾಲ

ಮಗುವಿಗೆ ಮೀನು ಕೊಡಲು ಹೇಳಿ, ಅಮ್ಮ. ಸೊಸೆಯ ಕಾಳಜಿ ಸರಿಯಾದದ್ದೇ, ಅದು ತಟ್ಟೆಯ ಕಡೆಗೆ ತಿರುಗಬೇಕಾಗಿಲ್ಲ ಅಷ್ಟೆ.

ಬಂಗುಡೆ, ಬೂತಾಯಿ ಪ್ಲಾಸ್ಟಿಕ್ ನುಂಗಿದ್ದರೆ ಅದು ಹೆಚ್ಚಾಗಿ ಹೊಟ್ಟೆ, ಕರುಳಿನಲ್ಲಿರುತ್ತದೆ. ನೀವು ಮೀನು ಕೊಯ್ದು ತೊಳೆಯುವಾಗ ಅದು ಹೊರಗೆ ಹೋಗುತ್ತದೆ. ಮರುವಾಯಿ, ಪಚ್ಚಿಲೆಗಳನ್ನು, ಇಡಿಯಾಗಿ ಒಣಗಿಸಿದ ಸಣ್ಣ ಮೀನುಗಳನ್ನು ಹೊಟ್ಟೆ ಸಮೇತ ತಿನ್ನುತ್ತೇವೆ, ಅದಕ್ಕೆ ಪ್ರಶ್ನೆ ಬರುವುದು ಅಲ್ಲಿ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಇದೇ ಲೆಕ್ಕ ಹಾಕಿತು. ಒಬ್ಬರು ಒಮ್ಮೆಗೆ 225 ಗ್ರಾಂ ಪಚ್ಚಿಲೆ ತಿಂದರೆ ಅದರಲ್ಲಿ 7 ಮೈಕ್ರೋಗ್ರಾಂ ಪ್ಲಾಸ್ಟಿಕ್ ಇರಬಹುದು, ಅದರಲ್ಲಿದ್ದ ರಾಸಾಯನಿಕವೆಲ್ಲ ದೇಹಕ್ಕೆ ಸೇರಿತು ಎಂದೇ ಇಟ್ಟುಕೊಂಡರೂ ಆಹಾರದಿಂದ ಬರುವ ಒಟ್ಟು ಪಿಸಿಬಿಗೆ ಅದು ಸೇರಿಸುವುದು ಶೇ. 0.006ಕ್ಕಿಂತ ಕಡಿಮೆ. ಪ್ಲಾಸ್ಟಿಕ್ಕಿನಲ್ಲೇ ಇರುವ ಬಿಸ್‌ಫಿನಾಲ್ ಎ ಆದರೆ ಶೇ. 2ಕ್ಕಿಂತ ಕಡಿಮೆ. ಕಡಲಿನ ಜೀವಿಗಳಿಗೂ ಪಿಸಿಬಿಯಂಥವು ಬಹುಪಾಲು ಬರುವುದು ಅವು ತಿನ್ನುವ ಸಹಜ ಆಹಾರದಿಂದ, ನೀರಿನಿಂದ. ಪ್ಲಾಸ್ಟಿಕ್ಕಿನ ಪಾಲು ಸಣ್ಣದು ಎಂದು ಅದೇ ವರ್ಷ ಬಂದ ದೊಡ್ಡ ವಿಮರ್ಶೆಯೊಂದೂ ಹೇಳಿತು.

ಹಾಗೆಂದು ಪ್ಲಾಸ್ಟಿಕ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಹೊಟ್ಟೆಯೊಳಗೆ ಹೋದ ಮೇಲೆ ಹರಳು ತನ್ನ ಸರಕನ್ನು ಕಡಲಿನಲ್ಲಿದ್ದಾಗಿನದಕ್ಕಿಂತ ಬೇಗ ಬಿಟ್ಟುಕೊಡುತ್ತದೆ. ಪಿತ್ತರಸ ಮತ್ತು ದೇಹದ ಬಿಸಿಗೆ ಅದು 30 ಪಟ್ಟಿನವರೆಗೂ ವೇಗವಾಗಬಹುದು ಎಂದು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ರೋಕ್ಮನ್ ಅವರು 2013ರಲ್ಲಿ ಕೊಲ್ಲಿಯಲ್ಲಿ ಮೂರು ತಿಂಗಳು ಇಟ್ಟ ಪ್ಲಾಸ್ಟಿಕ್ಕನ್ನು ಪುಡಿಮಾಡಿ ಮೆಡಾಕಾ ಎಂಬ ಪುಟ್ಟ ಮೀನಿಗೆ ಎರಡು ತಿಂಗಳು ಉಣಿಸಿದಾಗ ಅದರ ಯಕೃತ್ತಿಗೆ ಪೆಟ್ಟು ಬಿದ್ದಿತ್ತು. ಶುದ್ಧ ಪ್ಲಾಸ್ಟಿಕ್ ತಿಂದ ಮೀನಿಗೂ ತೊಂದರೆಯಾಗಿತ್ತು, ಕಡಲಿನಲ್ಲಿ ನೆನೆದದ್ದನ್ನು ತಿಂದದ್ದಕ್ಕೆ ಇನ್ನೂ ಹೆಚ್ಚು. ಆ ಮೀನುಗಳ ಆಹಾರದಲ್ಲಿ ಹತ್ತನೇ ಒಂದು ಭಾಗ ಪ್ಲಾಸ್ಟಿಕ್ ಇತ್ತು ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ಬೂತಾಯಿಯ ಸ್ಥಿತಿ ಅದಲ್ಲ. ಕಡಲ ಹಕ್ಕಿಗಳ ಸ್ಥಿತಿ ಮಾತ್ರ ಕೆಲವೆಡೆ ಹೆಚ್ಚುಕಡಿಮೆ ಹಾಗೆಯೇ ಇದೆ. ಉತ್ತರ ಪೆಸಿಫಿಕ್‌ನಲ್ಲಿ ಪರೀಕ್ಷಿಸಿದ 12 ಶಿಯರ್‌ವಾಟರ್ ಹಕ್ಕಿಗಳಲ್ಲಿ 3ರ ಕೊಬ್ಬಿನಲ್ಲಿ, ಅವು ತಿನ್ನುವ ಮೀನಿನಲ್ಲಿ ಇಲ್ಲದ ಬೆಂಕಿ ನಿರೋಧಕ ರಾಸಾಯನಿಕ ಸಿಕ್ಕಿತು. ಅದೇ ಹಕ್ಕಿಗಳ ಹೊಟ್ಟೆಯ ಪ್ಲಾಸ್ಟಿಕ್ಕಿನಲ್ಲೂ ಅದು ಇತ್ತು.

ಮರುವಾಯಿ ತಂದಾಗ ಕೆಲವು ಗಂಟೆ ಶುದ್ಧ ಉಪ್ಪುನೀರಿನಲ್ಲಿ ಬಿಟ್ಟು, ನೀರು ಬದಲಿಸಿ, ಮತ್ತೆ ಬಿಡಿ. ಮರಳು ಕಕ್ಕಿಸಲು ಹಿರಿಯರು ಮಾಡುತ್ತಿದ್ದ ಈ ಕೆಲಸದಿಂದ ಪ್ಲಾಸ್ಟಿಕ್ ಚೂರಿನ ಒಂದು ಪಾಲೂ ಹೊರಬೀಳುತ್ತದೆ. ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಜಾಗದ ಚಿಪ್ಪು ತರಬೇಡಿ. ಬಿಸಿ ಮೀನು ಸಾರನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಪಾರ್ಸೆಲ್ ತರುವುದನ್ನು ಬಿಟ್ಟರೆ, ಮೀನು ಬಿಟ್ಟದ್ದಕ್ಕಿಂತ ಮಗುವಿಗೆ ಹೆಚ್ಚು ಒಳ್ಳೆಯದಾಗುತ್ತದೆ.

ಸಮುದ್ರದಲ್ಲಿ ಈಜಿದರೆ ಈ ರಾಸಾಯನಿಕ ಚರ್ಮದಿಂದ ಒಳಗೆ ಹೋಗುವುದೇ?
ಓದುಗರು, ಸುರತ್ಕಲ್

ಚೂರುಗಳಿಂದ ಈಜುವ ಹೊತ್ತಿನಲ್ಲಿ ಲೆಕ್ಕಕ್ಕೆ ಬರುವಷ್ಟು ಹೋಗುವುದಿಲ್ಲ. ನೀರಿನ ಮೇಲೆ ಎಣ್ಣೆಯ ಪದರ ಕಂಡ ದಿನ, ನಗರದ ಚರಂಡಿ ನೀರು ಬಂದು ಸೇರುವ ಜಾಗದಲ್ಲಿ ಇಳಿಯಬೇಡಿ. ಅದು ಪ್ಲಾಸ್ಟಿಕ್ಕಿಗಿಂತ ದೊಡ್ಡ ಕಾರಣ.

ನಮ್ಮ ಕಡೆ ಎಂಡೋಸಲ್ಫಾನ್ ಕಂಡವರು ನಾವು. ಆ ವಿಷವೂ ಕಡಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮತ್ತೆ ನಮ್ಮ ಬಳಿಗೆ ಬರುತ್ತಿರಬಹುದೇ?
ನಿವೃತ್ತ ಅಧ್ಯಾಪಕರು, ಕಾಸರಗೋಡು

ನಿಮ್ಮ ಊರಿನವರ ಈ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸುರಿದ ಈ ಕೀಟನಾಶಕ ನಿಮ್ಮ ಬಾವಿ, ತೋಡುಗಳಿಗೆ ನೇರವಾಗಿ ಬಿತ್ತು. ಗಡಿಯ ಈಚೆ ಪುತ್ತೂರು, ಬೆಳ್ತಂಗಡಿ ಕಡೆಯವರಿಗೂ ಅದೇ ಕಥೆ. ಸುಲಭಕ್ಕೆ ಒಡೆಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಎಂಡೋಸಲ್ಫಾನನ್ನು ಪಟ್ಟಿಗೆ ಸೇರಿಸಿದ್ದೂ ನಮ್ಮ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದೂ 2011ರಲ್ಲಿ.

ರಸಾಯನ ವಿಜ್ಞಾನದ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಸಮಾಧಾನ ತರುವ ಉತ್ತರವಿದೆ. ಪ್ಲಾಸ್ಟಿಕ್ಕಿನಲ್ಲಿ ಹೆಚ್ಚು ಉಳಿಯುವುದು ಎಣ್ಣೆಯನ್ನು ಅತಿಯಾಗಿ ಇಷ್ಟಪಡುವ, ಸುಲಭಕ್ಕೆ ಒಡೆಯದ ಅಣು. ಡಿಡಿಟಿ ಹಾಗಿದೆ. ಎಂಡೋಸಲ್ಫಾನಿಗೆ ಎಣ್ಣೆಯ ಒಲವು ಅದಕ್ಕಿಂತ ಕಡಿಮೆ, ಜೊತೆಗೆ ಕ್ಷಾರಗುಣದ ನೀರಿನಲ್ಲಿ ಅದು ಬೇಗ ಒಡೆಯುತ್ತದೆ. ಕಡಲ ನೀರು ಕ್ಷಾರಗುಣದ್ದೇ. ಅದರಿಂದ ಹುಟ್ಟುವ ಸಲ್ಫೇಟ್ ರೂಪ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಹಾಗಾಗಿ ಪರೀಕ್ಷೆ ಕೇಳುವುದಾದರೆ ಹಳೆ ತೋಟದ ಮಣ್ಣಿಗೆ, ಕೆರೆಯ ಕೆಸರಿಗೆ, ಬಾವಿ ನೀರಿಗೆ ಕೇಳಿ. ದಂಡೆಯ ದಾನಾದಲ್ಲಿ ಅದನ್ನು ಹುಡುಕುತ್ತಾ ಹೋದರೆ, ಸಂತ್ರಸ್ತರಿಗೆ ಸಿಗಬೇಕಾದ ಚಿಕಿತ್ಸೆ ಮತ್ತು ಪಿಂಚಣಿಯ ಪ್ರಶ್ನೆ ಪಕ್ಕಕ್ಕೆ ಸರಿದುಬಿಡುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ.

ಹಡಗಿನವರನ್ನೂ ಕಾರ್ಖಾನೆಯವರನ್ನೂ ಬಿಟ್ಟು ಮೀನುಗಾರರ ಮೇಲೆಯೇ ಎಲ್ಲರೂ ಬೆರಳು ತೋರಿಸುತ್ತಾರೆ. ನಮ್ಮಿಂದ ನಿಜವಾಗಿ ಆಗುವ ತೊಂದರೆ ಯಾವುದು, ನಾವು ಏನು ಮಾಡಬಹುದು? ನೇರವಾಗಿ ಹೇಳಿ.
ಬೋಟ್ ಮಾಲೀಕರು, ಗಂಗೊಳ್ಳಿ

ನೇರವಾಗಿ ಕೇಳಿದ್ದಕ್ಕೆ ಸಂತೋಷ. ಎರಡು ಸಂಗತಿ ಹೇಳುತ್ತೇನೆ. ಎರಡೂ ನಿಮ್ಮ ಕೈಯಲ್ಲೇ ಇರುವಂಥವು.

ಒಂದು ಬಣ್ಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ ಇರುವಾಗ ಬೋಟುಗಳನ್ನು ಮೇಲೆಳೆದು, ತಳ ಕೆರೆದು, ಹೊಸ ಬಣ್ಣ ಬಳಿಯುತ್ತೀರಿ. ಚಿಪ್ಪು, ಪಾಚಿ ಹಿಡಿಯದ ಹಾಗೆ ಮಾಡುವ ಆ ತಳದ ಬಣ್ಣ ಪ್ಲಾಸ್ಟಿಕ್ ಜಾತಿಯದೇ. ಅದರಲ್ಲಿ ತಾಮ್ರದ ಸಂಯುಕ್ತ ಭಾರಿ ಪ್ರಮಾಣದಲ್ಲಿರುತ್ತದೆ, ಕಡಲಿನಲ್ಲಿ ಮೆಲ್ಲಗೆ ಬಿಡುತ್ತಾ ಹೋಗಲಿ ಎಂದೇ ಸೇರಿಸಿದ್ದು. ಕೆರೆದ ಹುಡಿ ಮಳೆ ನೀರಿನೊಡನೆ ಹೊಳೆಗೆ ಇಳಿದರೆ, ಹೊರಗಿನಿಂದ ವಿಷ ಹೀರಿಕೊಳ್ಳುವ ಅಗತ್ಯವೇ ಅದಕ್ಕಿಲ್ಲ. ದಂಡೆಯ ಹರಳಿಗಿಂತ ಹತ್ತಾರು ಪಟ್ಟು ಕಾಳಜಿ ಈ ಹುಡಿಯ ಬಗ್ಗೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಣ್ಣೆದುರಿನ ಚರಿತ್ರೆ ಇದೆ. ಹಿಂದೆ ಇಂಥ ಬಣ್ಣಗಳಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಇರುತ್ತಿತ್ತು. ಫ್ರಾನ್ಸಿನ ಆರ್ಕಷೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಸಿಂಪಿ ಕೃಷಿ ಕುಸಿಯಿತು. ಮರಿಗಳು ಬದುಕಲಿಲ್ಲ, ಬೆಳೆದವುಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು. ಕಾರಣ ಹುಡುಕುತ್ತಾ ಹೋದವರು ದೋಣಿಗಳ ಬಣ್ಣಕ್ಕೆ ಬಂದು ನಿಂತರು. ಇಂಗ್ಲೆಂಡಿನಲ್ಲಿ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆದದ್ದೂ ಇದರಿಂದಲೇ. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಇದನ್ನು ನಿಷೇಧಿಸಿತು, ಜಗತ್ತಿನ ಎಲ್ಲ ಹಡಗುಗಳಿಗೆ ಅನ್ವಯಿಸುವ ನಿಷೇಧ ಜಾರಿಗೆ ಬರಲು 2008ರವರೆಗೆ ಕಾಯಬೇಕಾಯಿತು. ಹಳೆ ಬೋಟಿನ ತಳದ ಒಳಪದರಗಳಲ್ಲಿ ಅದು ಇನ್ನೂ ಇರಬಹುದು. ಕೆರೆಯುವಾಗ ಕೆಳಗೆ ಟಾರ್ಪಾಲ್ ಹಾಸಿ, ಸಾಧ್ಯವಾದಷ್ಟು ಒದ್ದೆ ಮಾಡಿಕೊಂಡು ಕೆರೆದು, ಹುಡಿಯನ್ನು ಡ್ರಮ್ಮಿಗೆ ತುಂಬಿಸಿ. ಕೆರೆಯುವ ಹುಡುಗರಿಗೆ ಮುಖಕ್ಕೆ ಬಟ್ಟೆಯಲ್ಲ, ಸರಿಯಾದ ಮಾಸ್ಕ್ ಕೊಡಿ. ಡ್ರಮ್ಮನ್ನು ಎಲ್ಲಿಗೆ ಕಳಿಸಬೇಕು ಎಂಬುದು ಒಬ್ಬ ಮಾಲೀಕರಿಂದ ಬಗೆಹರಿಯುವ ಮಾತಲ್ಲ, ನಿಮ್ಮ ಸಂಘ ಬಂದರು ಇಲಾಖೆಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೂರಿಸಿಕೊಂಡು ಕೇಳಬೇಕು.

ಎರಡನೆಯದು ಥರ್ಮಾಕೋಲ್. ಕೊರಿಯಾದ ಕರಾವಳಿಯಲ್ಲಿ ಸಿಂಪಿ ಸಾಕಣೆಗೆ ಥರ್ಮಾಕೋಲ್ ತೇಲುಬುರುಡೆ ಕಟ್ಟುತ್ತಾರೆ. ಅದರ ಮೇಲೆ ಬೆಳೆದ ಪಚ್ಚಿಲೆಗಳಲ್ಲಿ ಎಚ್‌ಬಿಸಿಡಿ ಎಂಬ ಬೆಂಕಿ ನಿರೋಧಕ, ಬಂಡೆಯ ಮೇಲೆ ಬೆಳೆದವಕ್ಕಿಂತ ಹೆಚ್ಚಾಗಿ ಸಿಕ್ಕಿತು. ಹೀರಿ ತಂದ ವಿಷವಲ್ಲ ಅದು, ತಯಾರಿಸುವಾಗಲೇ ಸೇರಿಸಿದ್ದು. ನೀರಿನಲ್ಲಿ ತೇಲುವ ವಸ್ತುವಿಗೆ ಬೆಂಕಿ ನಿರೋಧಕ ಬೇಕೇ ಇಲ್ಲ, ಆದರೂ ಅದರಲ್ಲಿ ಇತ್ತು. 2013ರಲ್ಲಿ ಆ ರಾಸಾಯನಿಕವೂ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಬಂತು. ನಮ್ಮ ದಕ್ಕೆಗಳಲ್ಲಿ ಒಡೆದ ಥರ್ಮಾಕೋಲ್ ಪೆಟ್ಟಿಗೆಗಳ ಬಿಳಿ ಕಾಳು ಮೂಲೆ ಮೂಲೆಯಲ್ಲಿ ಕಾಣುತ್ತದೆ. ಒಂದು ಗಾಳಿಗೆ ಅದು ಹೊಳೆಯಲ್ಲಿರುತ್ತದೆ, ಆಮೇಲೆ ಯಾರಿಂದಲೂ ಹಿಡಿಯಲಾಗದು. ಗಟ್ಟಿ ಪ್ಲಾಸ್ಟಿಕ್ ಕ್ರೇಟ್ ಅಥವಾ ಇನ್ಸುಲೇಟೆಡ್ ಪೆಟ್ಟಿಗೆ ಮೊದಲಿಗೆ ದುಬಾರಿ ಎನ್ನುತ್ತೀರಿ, ನಿಜ. ಒಡೆದ ಥರ್ಮಾಕೋಲನ್ನಾದರೂ ಬಲೆಯ ಚೀಲದಲ್ಲಿ ಕಟ್ಟಿ ಹಿಂತಿರುಗಿಸುವ ವ್ಯವಸ್ಥೆಗೆ ವ್ಯಾಪಾರಿಗಳನ್ನು ಒತ್ತಾಯಿಸಿ. ಕೊಳ್ಳುವವರು ನೀವು, ಕೇಳುವ ಹಕ್ಕು ನಿಮಗಿದೆ.

ಹಡಗು, ಕಾರ್ಖಾನೆಗಳ ಬಗ್ಗೆ ನೀವು ಹೇಳಿದ್ದು ಸರಿ. ಕೊನೆಯ ಪತ್ರಕ್ಕೆ ಉತ್ತರಿಸುವಾಗ ಅಲ್ಲಿಗೆ ಬರುತ್ತೇನೆ.

ಶಾಲೆಯ ಮಕ್ಕಳನ್ನು ದಂಡೆ ಸ್ವಚ್ಛ ಮಾಡಲು ಕರೆದೊಯ್ಯುತ್ತೇವೆ. ಸಣ್ಣ ಚೂರುಗಳನ್ನು ಆಯುವುದು ಹೇಗೆ? ಮಕ್ಕಳಿಗೆ ಅಪಾಯ ಇದೆಯೇ?
ಶಿಕ್ಷಕಿ, ಪಡುಬಿದ್ರಿ

ಧಾರಾಳವಾಗಿ ಕರೆದೊಯ್ಯಿರಿ. ಅಲೆ ಬಂದು ಹಿಂತಿರುಗಿದ ಕಡೆ ಒಣ ಕಸ, ಕಡ್ಡಿ, ಚಿಪ್ಪಿನ ಗೆರೆ ಬಿದ್ದಿರುತ್ತದಲ್ಲ, ಸಣ್ಣ ಚೂರುಗಳು ಹೆಚ್ಚಾಗಿ ಅಲ್ಲೇ ಸಿಗುತ್ತವೆ. ಮೇಲಿನ ಎರಡು ಬೆರಳಿನಷ್ಟು ಮರಳು ತೆಗೆದು ಬಕೆಟ್ ಉಪ್ಪುನೀರಿಗೆ ಹಾಕಿ ಕಲಕಿದರೆ ಮರಳು ತಳಕ್ಕೆ ಇಳಿದು, ದಾನಾ, ಥರ್ಮಾಕೋಲ್, ಹಗ್ಗದ ಎಳೆ ತೇಲುತ್ತವೆ. ಚಹಾ ಸೋಸುವ ಜರಡಿ ಸಾಕು. ಕೈಗವಸು ಇರಲಿ, ಅದು ಹೆಚ್ಚಾಗಿ ಗಾಜು ಮತ್ತು ಸೂಜಿಗಾಗಿ. ಮಳೆಗಾಲದ ಹಿಂದೆಮುಂದೆ ಡಾಂಬರಿನ ಉಂಡೆಗಳು ಬಂದಿರುತ್ತವೆ, ಅವುಗಳಲ್ಲಿ ಪಿಎಎಚ್ ಇದೆ, ಕಾಲಿಗೆ ಹತ್ತಿದರೆ ಸೀಮೆಎಣ್ಣೆ ಹಚ್ಚಬೇಡಿ. ತೆಂಗಿನೆಣ್ಣೆ ಉಜ್ಜಿ ಸೋಪಿನಲ್ಲಿ ತೊಳೆಯಿರಿ. ಹಡಗು ಮುಳುಗಿದ ಸುದ್ದಿ ಬಂದ ವಾರಗಳಲ್ಲಿ ಮಾತ್ರ ಮಕ್ಕಳು ಬೇಡ. ಯಾವ ಕಂಟೇನರಿನಲ್ಲಿ ಏನಿತ್ತು ಎಂದು ಜಿಲ್ಲಾಡಳಿತ ಹೇಳುವವರೆಗೆ ದೊಡ್ಡವರೂ ಮುಟ್ಟದಿರುವುದು ಒಳ್ಳೆಯದು.

ಡಿಸೆಂಬರಿನಿಂದ ಮಾರ್ಚ್ ನಡುವೆ ಕಡಲಾಮೆ ಮೊಟ್ಟೆ ಇಡುವ ಜಾಗಗಳಲ್ಲಿ ಅಗೆಯಬೇಡಿ, ಜೆಸಿಬಿ ತರಿಸಲು ಬಿಡಲೇಬೇಡಿ. ಯಂತ್ರ ಮರಳನ್ನು ಮಗುಚಿದರೆ ಮೇಲಿನ ದಾನಾ ಆಳಕ್ಕೆ ಹೋಗುತ್ತದೆ, ಗೂಡುಗಳೂ ಹಾಳು.

ಇಷ್ಟೆಲ್ಲ ಚೆಲ್ಲಿದವರು ದಂಡ ಕೊಡುತ್ತಾರೆಯೇ? ಕಾನೂನು ಏನು ಹೇಳುತ್ತದೆ?
ವಕೀಲರು, ಮುಂಬೈ

ಎಕ್ಸ್‌ಪ್ರೆಸ್ ಪರ್ಲ್ ಪ್ರಕರಣದಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ 100 ಕೋಟಿ ಡಾಲರ್ ಪರಿಹಾರ ಕೊಡಲು ಹಡಗಿನ ಕಂಪನಿಗಳಿಗೆ ಆದೇಶಿಸಿತು. ದುರಂತ ನಡೆದು ನಾಲ್ಕು ವರ್ಷದ ಮೇಲೆ. ಎಲ್ಸಾ 3 ವಿಷಯದಲ್ಲಿ ಕೇರಳ ಸರ್ಕಾರ ಅಲ್ಲಿನ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಕೇಳಿದೆ. ವಕೀಲರಾದ ನಿಮಗೆ ಗೊತ್ತಿರುವಂತೆ ಇಂಥ ಮೊಕದ್ದಮೆಯಲ್ಲಿ ನಷ್ಟವನ್ನು ಸಾಬೀತು ಮಾಡಬೇಕು, ಸಾಬೀತು ಮಾಡಲು ಅಪಘಾತಕ್ಕೆ ಮೊದಲು ದಂಡೆ ಹೇಗಿತ್ತು ಎಂಬ ಅಳತೆ ಬೇಕು. ಕರ್ನಾಟಕ ಆ ಅಳತೆಯನ್ನು ಈಗಲೇ, ಏನೂ ಆಗುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಉಳ್ಳಾಲದಿಂದ ಕಾರವಾರದವರೆಗೆ ಆಯ್ದ ದಂಡೆಗಳಲ್ಲಿ ವರ್ಷಕ್ಕೆ ಎರಡು ಸಲ ದಾನಾ ಎಣಿಸಿ, ಅದರ ರಾಸಾಯನಿಕ ಪರೀಕ್ಷಿಸಿ, ದಾಖಲೆ ಇಡುವುದು ನಮ್ಮ ವಿಶ್ವವಿದ್ಯಾಲಯಗಳಿಗೆ ಆಗದ ಕೆಲಸವಲ್ಲ. 2025ರ ಜೂನ್ 9ರಂದು ಕೇರಳದ ಉತ್ತರ ಭಾಗದ ಕಡಲಿನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗು ಹೊತ್ತಿ ಉರಿದಾಗ ಬದುಕುಳಿದ 18 ಮಂದಿಯನ್ನು ನೌಕಾಪಡೆ ತಂದಿಳಿಸಿದ್ದು ಮಂಗಳೂರಿಗೆ. ಅಷ್ಟು ಹತ್ತಿರದ ವಿಷಯ ಇದು.

ಮೂಲದ ಸಮಸ್ಯೆ ಎಂದರೆ ಹಡಗು ಸಾಗಣೆಯ ಅಂತರರಾಷ್ಟ್ರೀಯ ನಿಯಮದಲ್ಲಿ ದಾನಾ ಇನ್ನೂ ಅಪಾಯಕಾರಿ ಸರಕಲ್ಲ. ಅದನ್ನು ಗಟ್ಟಿ ಚೀಲಗಳಲ್ಲಿ ತುಂಬಬೇಕು, ಯಾವ ಕಂಟೇನರಿನಲ್ಲಿದೆ ಎಂದು ಮೊದಲೇ ತಿಳಿಸಬೇಕು, ಸಾಧ್ಯವಾದ ಕಡೆಯೆಲ್ಲ ಡೆಕ್ಕಿನ ಮೇಲಿಡದೆ ಕೆಳಗಿನ ಅಂಕಣದಲ್ಲಿಡಬೇಕು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2024ರಲ್ಲಿ ಸಲಹೆ ಕೊಟ್ಟಿತು. ಸಲಹೆ ಮಾತ್ರ, ಪಾಲಿಸದಿದ್ದರೆ ಶಿಕ್ಷೆಯಿಲ್ಲ. ಒಂದೇ ಋತುವಿನಲ್ಲಿ ಎರಡು ದುರಂತ ಕಂಡ ದೇಶವಾಗಿ ಭಾರತ ಅದನ್ನು ಕಡ್ಡಾಯ ಮಾಡಿ ಎಂದು ಆ ಸಂಸ್ಥೆಯಲ್ಲಿ ಪಟ್ಟು ಹಿಡಿಯಬೇಕು. ಅದಾಗುವವರೆಗೆ ನಮ್ಮ ಬಂದರುಗಳಿಗೆ ದಾನಾ ತರುವ ಹಡಗುಗಳಿಂದ ಈ ಮೂರನ್ನೂ ಬರವಣಿಗೆಯಲ್ಲಿ ಕೇಳಲು ಕೇಂದ್ರದ ಹಡಗು ಸಾಗಣೆ ಇಲಾಖೆಗೆ ನಿಮ್ಮಂಥವರು ಅರ್ಜಿ ಹಾಕಿ.